ಕಬ್ಬಿನ ಮದ್ಯಸಾರ: ಒಂದು ಉದ್ಯಮದ ಅವನತಿಯೂ ಪುನರುತ್ಥಾನವೂ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಕಬ್ಬಿನ ಬೆಳೆಗಾರರಿಗೆ ಸಕ್ಕರೆಯ ಧಾರಣೆಯಂತೆಯೇ ಮದ್ಯಸಾರದ ಧಾರಣೆಯೂ ಈಗ ಮುಖ್ಯವಾಗಿದೆ. ಈ ಉದ್ಯಮವು ಕುಗ್ಗಿದುದೇಕೆ, ಮರಳಿ ಎದ್ದುದು ಹೇಗೆ, ಅದರಲ್ಲಿ ಬೆಳೆಗಾರನ ಪಾಲೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಪೂರ್ವದಲ್ಲಿ ದಖ್ಖನದ ಭಟ್ಟಿಗಳಲ್ಲಿ ಬೆಲ್ಲವನ್ನು ಜಾಲಿಯ ತೊಗಟೆಯೊಡನೆ ಹುಳಿಯಿಸಿ ಸಾರಾಯಿ ಇಳಿಸುತ್ತಿದ್ದರು. ಮುಂಬಯಿ ಪ್ರಾಂತದ 1949ರ ಪಾನನಿರೋಧ ಕಾಯಿದೆಯು ಅಂದು ಆ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಗೂ ಅನ್ವಯಿಸಿತು. ಮುಂದೆ ಸಕ್ಕರೆ ಕಾರ್ಖಾನೆಗಳು ಹೆಚ್ಚಿದಂತೆ, ಸಕ್ಕರೆ ತೆಗೆದುಳಿದ ಕಾಕಂಬಿಯೇ ಮದ್ಯಸಾರಕ್ಕೆ ಮೂಲದ್ರವ್ಯವಾಯಿತು. 2007ನೆಯ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗಲು, ಅದರ ದೊಡ್ಡ ಪೇಟೆಯೊಂದು ಮುಚ್ಚಿತು. ಬಡ ಸಂಸಾರಗಳ ಹಿತದೃಷ್ಟಿಯಿಂದ ಇದಕ್ಕಾಗಿ ವಿಷಾದಪಡಬೇಕಾದುದಿಲ್ಲ.

ಉದ್ಯಮವನ್ನು ಮರಳಿ ಎತ್ತಿದುದು ಮೋಟಾರು ವಾಹನ. ಪೆಟ್ರೋಲಿನಲ್ಲಿ ನಿರ್ಜಲ ಮದ್ಯಸಾರವನ್ನು, ಅಂದರೆ ಎಥೆನಾಲನ್ನು, ಬೆರೆಸುವ ಯೋಜನೆ 2003ರಲ್ಲಿ ಶೇಕಡಾ 5ರಿಂದ ಆರಂಭವಾಗಿ, 2025ರಲ್ಲಿ ಶೇಕಡಾ 20ನ್ನು ಮುಟ್ಟಿತು. 2018ರ ಜೈವಿಕ ಇಂಧನ ನೀತಿಯು ಕಬ್ಬಿನ ರಸದಿಂದಲೇ ಅದನ್ನು ತಯಾರಿಸಲು ಅವಕಾಶವಿತ್ತಿತು. ಒಂದು ಟನ್ನು ಕಬ್ಬಿನ ಕಡೆಯ ಕಾಕಂಬಿಯಿಂದ ಸುಮಾರು 10 ಲೀಟರು ದೊರೆತರೆ, ಅಷ್ಟೇ ಕಬ್ಬಿನ ಇಡೀ ರಸದಿಂದ ಸುಮಾರು 70 ಲೀಟರು ದೊರೆಯುತ್ತದೆ. ಆದರೆ ಈ ಪೇಟೆಯು ಸರಕಾರದ ಅಪ್ಪಣೆಗೆ ಅಧೀನವಾದುದು. 2023ರ ಡಿಸೆಂಬರದಲ್ಲಿ ರಸದ ಬಳಕೆಗೆ ತಡೆಯಾಗಿ, 2024ರ ಆಗಸ್ಟದಲ್ಲಿ ಆ ತಡೆ ತೆಗೆಯಲ್ಪಟ್ಟಿತು.

ಬೆಳೆಗಾರನು ಗಮನಿಸಬೇಕಾದ ಅಂಶವಿದು: ಕಬ್ಬಿನ ಬೆಲೆ ಸಕ್ಕರೆಯ ಇಳುವರಿಯನ್ನು ಅನುಸರಿಸುತ್ತದೆ. 2025ರ ನವೆಂಬರದಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ನಡೆದ ಚಳವಳಿಯು 3,300 ರೂಪಾಯಿಗೆ ಇತ್ಯರ್ಥವಾದುದೂ ಶೇಕಡಾ 11.25 ಇಳುವರಿಯ ಲೆಕ್ಕದ ಮೇಲೆಯೇ. ರಸವನ್ನು ಮದ್ಯಸಾರಕ್ಕೆ ತಿರುಗಿಸಿದಷ್ಟೂ ಚೀಲಕ್ಕೆ ಬೀಳುವ ಸಕ್ಕರೆ ಕಡಿಮೆಯಾಗುವುದು. ಹಾಗೆ ತಿರುಗಿಸಿದ ಸಕ್ಕರೆಯನ್ನೂ ಇಳುವರಿಯಲ್ಲಿ ಹಿಡಿದಿರುವರೇ ಎಂದು ಲೆಕ್ಕ ಕೇಳತಕ್ಕದ್ದು.

ಜಮೀನುದಾರರು ಪಾಲಿಸತಕ್ಕ ಕ್ರಮಗಳು:

1. ಪಕ್ವವಾದ ಕಬ್ಬನ್ನು ಬುಡಸಮೇತ ಕಡಿದು, ರವದಿ ಕಳೆದು, ಒಂದು ದಿನದೊಳಗೆ ಕಾರ್ಖಾನೆಗೆ ಮುಟ್ಟಿಸಬೇಕು. ಒಣಗಿದ ಕಬ್ಬಿನಲ್ಲಿ ತೂಕವೂ ಸಕ್ಕರೆಯೂ ನಷ್ಟ.

2. ತೂಕದ ಚೀಟಿಗಳನ್ನು ಜೋಪಾನವಾಗಿಡಬೇಕು. 1966ರ ಕಬ್ಬು ನಿಯಂತ್ರಣ ಆಜ್ಞೆಯಂತೆ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸಲ್ಲತಕ್ಕದ್ದು.

3. ಭಟ್ಟಿಯ ಕೊಳೆನೀರು ಹಳ್ಳಗಳ ಮೂಲಕ ಘಟಪ್ರಭೆಗಾಗಲಿ ಹಿರಣ್ಯಕೇಶಿಗಾಗಲಿ ಸೇರಿದರೆ ಮೀನು ಸತ್ತು, ಕುಡಿಯುವ ನೀರು ಕೆಡುವುದು. ಅಂಥದು ಕಂಡೊಡನೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ತಿಳಿಸಬೇಕು.

ಗ್ರಾಮದ ಪ್ರಮುಖರು ಈ ಸಂಗತಿಗಳನ್ನು ಓದು ಬಾರದ ಸಣ್ಣ ರೈತರಿಗೂ ಓದಿ ಹೇಳುವರೆಂದು ನಂಬಲಾಗಿದೆ.