ಚಿರತೆಯ ಬೋರ್ಡು ಬಾರದೆ ಹೋದಾಗ

2005ರ ಏಪ್ರಿಲ್ 28ರಂದು ಬ್ರಿಟನ್ನಿನಲ್ಲಿ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಸಿನಿಮಾ ತೆರೆಕಂಡಾಗ, ನೋಡಲು ಹೋದವರಲ್ಲಿ ಎಷ್ಟೋ ಮಂದಿಗೆ ಅದರ ಮಾತುಗಳು ಆಗಲೇ ಬಾಯಿಪಾಠವಾಗಿದ್ದವು. ಡಗ್ಲಾಸ್ ಆಡಮ್ಸ್ ಈ ಕಥೆಯನ್ನು ಮೊದಲು ಹೇಳಿದ್ದು ರೇಡಿಯೊದಲ್ಲಿ. 1978ರ ಮಾರ್ಚ್ 8ರಂದು ಬಿಬಿಸಿ ರೇಡಿಯೊ 4 ಮೊದಲ ಕಂತನ್ನು ಪ್ರಸಾರ ಮಾಡಿತು. ಮರುವರ್ಷ ಕಾದಂಬರಿ ಬಂತು, 1981ರಲ್ಲಿ ಟಿವಿ ಸರಣಿ, 1984ರಲ್ಲಿ ಕಂಪ್ಯೂಟರ್ ಗೇಮ್. ಸಿನಿಮಾ ಮಾತ್ರ ಬರಲೇ ಇಲ್ಲ. ಎಂಬತ್ತರ ದಶಕದಲ್ಲಿ ಹಾಲಿವುಡ್‌ನ ಐವನ್ ರೈಟ್‌ಮನ್ ಕೈಗೆತ್ತಿಕೊಂಡರು. ಅದು ನಿಂತುಹೋಗಿ ‘ಘೋಸ್ಟ್‌ಬಸ್ಟರ್ಸ್’ ತಯಾರಾಯಿತು. ತೊಂಬತ್ತರ ದಶಕದ ಕೊನೆಗೆ ಡಿಸ್ನಿ ಆಸಕ್ತಿ ತೋರಿತು, ಆಡಮ್ಸ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದರು, ಚಿತ್ರಕಥೆಯನ್ನು ಮತ್ತೆ ಮತ್ತೆ ಬರೆದರು. 2001ರ ಮೇ 11ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49 ವರ್ಷ.

ಎರಡು ವಾರ ಕಳೆದು, ಮೇ 25ರಂದು, ಅಭಿಮಾನಿಗಳು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅವರನ್ನು ನೆನೆದರು. ಬಾಹ್ಯಾಕಾಶ ಅಲೆಯುವವನಿಗೆ ಟವೆಲ್‌ಗಿಂತ ಉಪಯೋಗದ ವಸ್ತು ಇನ್ನೊಂದಿಲ್ಲ ಎಂಬುದು ಆ ಪುಸ್ತಕದ ನಂಬಿಕೆ. ಆ ದಿನದ ಆಚರಣೆ ಇಂದಿಗೂ ನಡೆದುಬಂದಿದೆ. ಹಾಗಾಗಿ 2005ರ ಸಿನಿಮಾಕ್ಕೆ ಕಾದವರ ಕುತೂಹಲದಲ್ಲಿ ದುಃಖವೂ ಬೆರೆತಿತ್ತು. ಇನ್ನು ಬರೆಯಲಾಗದ ಲೇಖಕನ ಮಾತನ್ನು ಹೊಸದಾಗಿ ಕೇಳುವ ಅವಕಾಶ ಅದೊಂದೇ ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ವರ್ಷ ಕಾದ ಮಿದುಳು ಸುಮ್ಮನೆ ಕೂತಿರುವುದಿಲ್ಲ. ಕಾಯುವುದರಲ್ಲೇ ಒಂದು ಸುಖವಿದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1987ರಲ್ಲಿ ಸೊಗಸಾಗಿ ತೋರಿಸಿದರು. ನಿಮಗಿಷ್ಟವಾದ ಸಿನಿಮಾ ತಾರೆಯಿಂದ ಒಂದು ಮುತ್ತು ಸಿಗುವುದಾದರೆ ಎಷ್ಟು ಹಣ ಕೊಡುತ್ತೀರಿ ಎಂದು ಅವರು ವಿದ್ಯಾರ್ಥಿಗಳನ್ನು ಕೇಳಿದರು. ಈಗಲೇ ಸಿಗುವ ಮುತ್ತಿಗಿಂತ ಮೂರು ದಿನ ಬಿಟ್ಟು ಸಿಗುವ ಮುತ್ತಿಗೆ ಅವರು ಹೆಚ್ಚು ಬೆಲೆ ಕಟ್ಟಿದರು. ಆ ಮೂರು ದಿನ ಮನಸ್ಸಿನಲ್ಲೇ ಸವಿಯುವುದಕ್ಕೂ ಬೆಲೆಯಿತ್ತು. ಸಿನಿಮಾದವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಈ ಚಿತ್ರದ ಒಂದು ಟ್ರೇಲರಿನಲ್ಲಿ, ಕಥೆಯೊಳಗಿನ ‘ಗೈಡ್’ ಎಂಬ ಮಾತಾಡುವ ಕೈಪಿಡಿಗೆ ದನಿಯಾದ ಸ್ಟೀಫನ್ ಫ್ರೈ, ಟ್ರೇಲರ್ ಎಂದರೇನು, ಅದನ್ನು ಹೇಗೆ ಕಟ್ಟುತ್ತಾರೆ ಎಂದು ಗಂಭೀರವಾಗಿ ವಿವರಿಸುತ್ತಾರೆ. ಪುಸ್ತಕದ ಧಾಟಿ ಅದೇ. ಅದನ್ನು ಕೇಳಿದ ಅಭಿಮಾನಿಗೆ ಭರವಸೆ ಹುಟ್ಟದೆ ಇರುತ್ತದೆಯೇ?

ಭರವಸೆ ಹುಟ್ಟಿದಾಗ ಮಿದುಳಿನೊಳಗೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ ಫ್ರಿಬೋರ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೊಮ್ಮಿಸುವ ನರಕೋಶಗಳ ಮಿಡಿತವನ್ನು ಒಂದೊಂದಾಗಿ ಅಳೆಯುತ್ತಿದ್ದರು. ಮಂಗಕ್ಕೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಸಿಕ್ಕರೆ ಆ ಕೋಶಗಳು ಚುರುಕಾಗಿ ಮಿಡಿಯುತ್ತಿದ್ದವು. ರಸಕ್ಕೆ ಮುಂಚೆ ಪ್ರತಿ ಸಲ ಒಂದು ಸೂಚನೆ ಕೊಡುತ್ತಾ ಹೋದರೆ, ಮಂಗ ಅದನ್ನು ಕಲಿತ ಮೇಲೆ, ಮಿಡಿತ ಸೂಚನೆಯ ಗಳಿಗೆಗೆ ಸರಿಯುತ್ತಿತ್ತು. ರಸ ಬಂದಾಗ ಕೋಶಗಳು ಅಲುಗುತ್ತಲೇ ಇರಲಿಲ್ಲ. ಸೂಚನೆ ಕೊಟ್ಟು ರಸ ಕೊಡದಿದ್ದರೆ, ರಸ ಬರಬೇಕಿದ್ದ ಸರಿಯಾದ ಹೊತ್ತಿಗೆ, ಎಂದಿನ ಮಿಡಿತವೂ ಕುಸಿಯುತ್ತಿತ್ತು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ ಇದಕ್ಕೊಂದು ಗಣಿತದ ರೂಪ ಕೊಟ್ಟರು: ಆ ಕೋಶಗಳು ಲೆಕ್ಕ ಹಾಕುವುದು ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರವನ್ನು. ಮಂಗದ ಒಂದು ಕೋಶಕ್ಕೂ ಚಿತ್ರಮಂದಿರದಲ್ಲಿ ಕೂತ ಮನುಷ್ಯನಿಗೂ ನಡುವಿನ ದಾರಿ ಉದ್ದ, ನಿಜ. ಆದರೂ ಕುಸಿತ ಎಷ್ಟು ಕರಾರುವಾಕ್ಕಾಗಿ, ಬರಬೇಕಿದ್ದ ಆ ಕ್ಷಣದಲ್ಲೇ ಬರುತ್ತದೆ ಎಂಬುದು ಹಾಸ್ಯದ ವಿಷಯಕ್ಕೆ ತುಂಬ ಹೊಂದುತ್ತದೆ.

ಈ ಚಿತ್ರದ ಮೊದಲ ಭಾಗದಲ್ಲೇ ಅಂಥ ಒಂದು ಕ್ಷಣವಿದೆ. ಕಥಾನಾಯಕ ಆರ್ಥರ್ ಡೆಂಟ್‌ನ ಮನೆಯನ್ನು ಕೆಡವಿ ಬೈಪಾಸ್ ರಸ್ತೆ ಮಾಡಲು ಬುಲ್ಡೋಜರ್ ಬಂದಿದೆ. ನಕ್ಷೆಯನ್ನು ಮೊದಲೇ ಸಾರ್ವಜನಿಕರ ಮುಂದಿಟ್ಟಿದ್ದೆವಲ್ಲ ಎನ್ನುತ್ತಾನೆ ಅಧಿಕಾರಿ. ಆ ನಕ್ಷೆ ತನಗೆ ಎಲ್ಲಿ ಸಿಕ್ಕಿತು ಎಂದು ಆರ್ಥರ್ ಹೇಳುತ್ತಾ ಹೋಗುವುದೇ ಕಾದಂಬರಿಯ ಹಾಸ್ಯ. ನೆಲಮಾಳಿಗೆಯಲ್ಲಿ. ಅಲ್ಲಿ ದೀಪವಿಲ್ಲ. ಮೆಟ್ಟಿಲೂ ಇಲ್ಲ. ಬಳಕೆ ನಿಂತ ಶೌಚಾಲಯ, ಅದರೊಳಗೆ ಬೀಗ ಹಾಕಿದ ಕಬ್ಬಿಣದ ಬೀರು, ಅದರ ತಳದಲ್ಲಿ ನಕ್ಷೆ. ಕೊನೆಗೆ, ಆ ಶೌಚಾಲಯದ ಬಾಗಿಲಿಗೆ ತೂಗುಹಾಕಿದ ಚಿರತೆಯ ಎಚ್ಚರಿಕೆಯ ಬೋರ್ಡು. ಒಂದೊಂದು ಹೆಜ್ಜೆಯೂ ಸರ್ಕಾರಿ ಕಚೇರಿ ಕಂಡವರಿಗೆಲ್ಲ ಪರಿಚಿತ. ಚಿರತೆ ಮಾತ್ರ ಯಾರ ಊಹೆಗೂ ನಿಲುಕದ್ದು. ಸಿನಿಮಾದಲ್ಲಿ ಮಾತುಕತೆ ನೆಲಮಾಳಿಗೆಯ ತನಕ ಹೋಗಿ ಅಲ್ಲಿಗೇ ನಿಂತಿತು. ಪುಸ್ತಕ ಓದದವರಿಗೆ ಏನೂ ಕಡಿಮೆಯಾದಂತೆ ಕಾಣಲಿಲ್ಲ. ಓದಿದವರ ಮಿದುಳು ಮಾತ್ರ ನೆಲಮಾಳಿಗೆ ಎಂಬ ಸೂಚನೆ ಕೇಳಿ ಚಿರತೆಯತ್ತ ಓಡಿಯಾಗಿತ್ತು. ಇಡೀ ಪಾತ್ರಗಳನ್ನೇ ಬದಲಿಸಿದರೂ ಕ್ಷಮಿಸುವ ಅಭಿಮಾನಿ ಎರಡು ವಾಕ್ಯ ಬಿಟ್ಟಿದ್ದಕ್ಕೆ ವರ್ಷಗಟ್ಟಲೆ ಬೇಸರಿಸಿಕೊಳ್ಳುವುದು ಹಟವಲ್ಲ ಎಂದು ನಾನು ನಂಬುತ್ತೇನೆ. ಹಾಸ್ಯ ನೆನಪಿನಲ್ಲಿ ಉಳಿಯುವುದೇ ತನ್ನ ತಾಳದ ಸಮೇತ.

ಇಲ್ಲೊಂದು ತೊಡಕಿದೆ. ಪೂರ್ತಿ ನಿರೀಕ್ಷಿಸಿದ್ದು ಬಂದರೆ ಮಿಡಿತ ಏರುವುದಿಲ್ಲ ಎಂದಾದರೆ, ಗೊತ್ತಿರುವ ಹಾಸ್ಯವನ್ನು ಮತ್ತೆ ಕೇಳಬೇಕೆಂಬ ಹಂಬಲ ಏಕೆ? 2011ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಲೋರಿ ಸಲಿಂಪೂರ್, ರಾಬರ್ಟ್ ಜಟೋರ್ ಮತ್ತು ಸಂಗಡಿಗರು, ಕೇಳಿದರೆ ಮೈ ಜುಮ್ಮೆನ್ನುವಂಥ ಸಂಗೀತವನ್ನು ಕೇಳುಗರಿಂದಲೇ ತರಿಸಿ, ಅದು ನುಡಿಯುವಾಗ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಜುಮ್ಮೆನ್ನುವ ಘಟ್ಟದಲ್ಲಿ ಒಂದು ಭಾಗದಲ್ಲಿ ಡೋಪಮೈನ್ ಹೊಮ್ಮಿದರೆ, ಆ ಘಟ್ಟ ಹತ್ತಿರವಾಗುತ್ತಿರುವಾಗಲೇ ಇನ್ನೊಂದು ಭಾಗ ಕೆಲಸ ಮಾಡುತ್ತಿತ್ತು. ಎಷ್ಟು ಸಲ ಕೇಳಿದ ರಾಗವಾದರೂ ಅದರತ್ತ ಸಾಗುವ ದಾರಿಗೂ ಅದರದೇ ಸುಖವಿದೆ. ಅದೇ ವರ್ಷ ಸ್ಯಾನ್ ಡಿಯಾಗೊದಲ್ಲಿ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ ನಡೆಸಿದ ಅಧ್ಯಯನದಲ್ಲಿ, ಸಣ್ಣಕಥೆಯ ಅಂತ್ಯವನ್ನು ಮುಂಚೆಯೇ ತಿಳಿದು ಓದಿದವರು ಕಥೆಯನ್ನು ತುಸು ಹೆಚ್ಚೇ ಮೆಚ್ಚಿದರು. ಮುಂದಿನ ಅಧ್ಯಯನಗಳೆಲ್ಲ ಇದನ್ನು ಒಪ್ಪಿಲ್ಲವಾದರೂ, ಗೊತ್ತಿದ್ದರೆ ರುಚಿ ಕೆಡುತ್ತದೆ ಎಂಬ ಮಾತು ಅಷ್ಟು ಸರಳವಲ್ಲ ಎಂಬುದಂತೂ ತಿಳಿಯಿತು.

ನಿರ್ದೇಶಕ ಗಾರ್ತ್ ಜೆನ್ನಿಂಗ್ಸ್ ಗೆದ್ದದ್ದು ಅಭಿಮಾನಿಗಳ ಮಿದುಳಿನಲ್ಲಿ ಯಾವ ನಿರೀಕ್ಷೆಯೂ ಇಲ್ಲದ ಕಡೆ. ಗಗನನೌಕೆಯ ಅಸಂಭವತೆಯ ಯಂತ್ರ ಚಾಲೂ ಆದಾಗ ಎಲ್ಲರೂ ಕೆಲ ಕ್ಷಣ ಉಣ್ಣೆಯ ಬೊಂಬೆಗಳಾಗಿಬಿಡುತ್ತಾರೆ. ಹೊಟ್ಟೆ ತೊಳಸಿದ ಆರ್ಥರ್ ಬಣ್ಣಬಣ್ಣದ ಉಣ್ಣೆಯ ನೂಲನ್ನು ಕಾರಿಕೊಳ್ಳುತ್ತಾನೆ. ಕಾದಂಬರಿಯಲ್ಲಿ ಇದಿಲ್ಲ. ಆದರೆ ಆ ಯಂತ್ರ ಏನು ಬೇಕಾದರೂ ಮಾಡೀತು ಎಂದು ಆಡಮ್ಸ್ ಹಾಕಿಕೊಟ್ಟ ನಿಯಮಕ್ಕೆ ಒಂದಿಷ್ಟೂ ಲೋಪವಿಲ್ಲ. ಕಣ್ಣಿಗಷ್ಟೇ ದಕ್ಕುವ ಹಾಸ್ಯವದು, ಅಳೆಯಲು ಹಳೆಯ ತಾಳವಿಲ್ಲ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ತುಣುಕು ಇದು.

ಮೂಲಕ್ಕೆ ನಿಷ್ಠವಾಗಿಲ್ಲ ಎಂದು ಚಿತ್ರವನ್ನು ದೂರುವುದೂ ಕಷ್ಟ, ಏಕೆಂದರೆ ಈ ಕೃತಿಗೆ ಒಂದೇ ಮೂಲವಿಲ್ಲ. ರೇಡಿಯೊ, ಪುಸ್ತಕ, ಟಿವಿ, ಪ್ರತಿಯೊಂದರಲ್ಲೂ ಆಡಮ್ಸ್ ಕಥೆಯನ್ನು ತಿರುಗಿಸಿದ್ದರು. ಸಿನಿಮಾದಲ್ಲಿ ಜಾನ್ ಮಾಲ್ಕೊವಿಚ್ ನಟಿಸಿದ ಹುಮ್ಮಾ ಕವೂಲಾ, ಆಡಮ್ಸ್ ಅವರೇ ಹೊಸದಾಗಿ ಸೃಷ್ಟಿಸಿದ ಪಾತ್ರ. ಹಾಗಾದರೆ ಅಭಿಮಾನಿ ಹೋಲಿಸುವುದು ಯಾವುದಕ್ಕೆ? ತಾನು ಮೊದಲು ಕೇಳಿದ್ದಕ್ಕೆ, ಅದೂ ತನ್ನ ನೆನಪಿನಲ್ಲಿ ಉಳಿದಂತೆ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ತೋರಿಸಿದಂತೆ, ಓದಿದ ಕಥೆಯನ್ನು ಮತ್ತೆ ಹೇಳುವಾಗ ನಾವು ಅದನ್ನು ಹೊಸದಾಗಿ ಕಟ್ಟುತ್ತೇವೆ: ವಿಚಿತ್ರ ವಿವರ ಉದುರುತ್ತದೆ, ಪರಿಚಿತವಾದದ್ದು ಸೇರಿಕೊಳ್ಳುತ್ತದೆ.

2005ರಲ್ಲಿ ಈ ಹೋಲಿಕೆಗೆ ಇನ್ನೊಂದು ಕಾರಣವೂ ಕೂಡಿಬಂತು. ಅದರ ಹಿಂದಿನ ವರ್ಷವೇ ರೇಡಿಯೊ ನಿರ್ದೇಶಕ ಡರ್ಕ್ ಮ್ಯಾಗ್ಸ್ ಹಳೆಯ ರೇಡಿಯೊ ಕಲಾವಿದರನ್ನು ಕೂಡಿಸಿ ಸರಣಿಯನ್ನು ಮುಂದುವರಿಸಿದ್ದರು. ಆರ್ಥರ್ ಆಗಿ ಸೈಮನ್ ಜೋನ್ಸ್, ಖಿನ್ನ ರೋಬಾಟ್ ಮಾರ್ವಿನ್ ಆಗಿ ಸ್ಟೀಫನ್ ಮೂರ್ ಮತ್ತೆ ಕೇಳಿಸಿದರು. 2000ದಲ್ಲಿ ತೀರಿಕೊಂಡ ಪೀಟರ್ ಜೋನ್ಸ್ ಅವರ ಜಾಗದಲ್ಲಿ ಗೈಡ್ ಆಗಿ ವಿಲಿಯಂ ಫ್ರಾಂಕ್ಲಿನ್ ಬಂದರು. ಸಿನಿಮಾದವರಿಗೂ ಹಳಬರ ಮೇಲೆ ಪ್ರೀತಿಯಿತ್ತು. ಕಥೆಯ ಅನ್ಯಗ್ರಹದ ಅಧಿಕಾರಶಾಹಿಗಳಾದ ವೋಗನ್ನರ ಕಚೇರಿಯ ಸರದಿ ಸಾಲಿನಲ್ಲಿ 1981ರ ಟಿವಿ ಸರಣಿಯ ಮಾರ್ವಿನ್ ನಿಂತಿದ್ದಾನೆ, ಗುರುತಿಸುವವರು ಗುರುತಿಸಲಿ ಎಂಬಂತೆ. ಸೈಮನ್ ಜೋನ್ಸ್ ಅವರ ಮುಖವೂ ಒಂದೆಡೆ ಬರುತ್ತದೆ. ಕೊನೆಯಲ್ಲಿ ಚಿತ್ರವನ್ನು ಡಗ್ಲಾಸ್‌ಗೆ ಅರ್ಪಿಸಲಾಗಿದೆ. 2005ರಲ್ಲೇ ಒಂದು ಕ್ಷುದ್ರಗ್ರಹಕ್ಕೂ ಅವರ ಹೆಸರಿಡಲಾಯಿತು. ಅದರ ತಾತ್ಕಾಲಿಕ ಗುರುತು 2001 ಡಿಎ42. ಅವರು ತೀರಿಕೊಂಡ ವರ್ಷ, ಅವರ ಇನಿಷಿಯಲ್, ಮತ್ತು ಅವರ ಕಾದಂಬರಿಯಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರವಾದ ಸಂಖ್ಯೆ, ಮೂರೂ ಅದರಲ್ಲಿವೆ.

ಚಿತ್ರ ನೋಡಿದ ಮೇಲೆ ಪುಸ್ತಕ ಹಿಡಿದವರ ತಲೆಮಾರೊಂದು ಈಗ ಬೆಳೆದುನಿಂತಿದೆ. ಮಾರ್ವಿನ್‌ನ ಮಾತು ಓದುವಾಗ ಅವರ ತಲೆಯಲ್ಲಿ ಕೇಳಿಸುವುದು ಸಿನಿಮಾದಲ್ಲಿ ಅವನಿಗೆ ದನಿ ಕೊಟ್ಟ ಅಲನ್ ರಿಕ್‌ಮನ್‌ರ ಕಂಠ. ಈ ಕಥೆ ಇನ್ನೊಮ್ಮೆ ತೆರೆಗೆ ಬಂದರೆ, ಹೊಸ ಮಾರ್ವಿನ್ ಸರಿಯಿಲ್ಲ ಎಂದು ಮೊದಲು ತಕರಾರು ತೆಗೆಯುವವರು ಇವರೇ.