ಗೋಗಿಯ ಯುರೇನಿಯಂ, ಇರಾನಿನ ಮೇಲಿನ ದಾಳಿ: ಜನಪ್ರತಿನಿಧಿಗಳ ಒಪ್ಪಿಗೆಗೆ ಏನು ಅರ್ಥ?

2025ರ ಜೂನ್ 13ರಂದು ಇಸ್ರೇಲ್ ಇರಾನಿನ ಅಣು ಕೇಂದ್ರಗಳ ಮೇಲೆ ದಾಳಿ ಆರಂಭಿಸಿತು. ಜೂನ್ 22ರಂದು ಅಮೇರಿಕವೂ ಸೇರಿಕೊಂಡು ಫೋರ್ಡೊ, ನಟಾಂಜ್ ಮತ್ತು ಇಸ್ಫಹಾನ್ ಕೇಂದ್ರಗಳನ್ನು ಗುರಿಯಾಗಿಸಿತು. ಮರುದಿನ ಇರಾನ್ ಕತಾರಿನಲ್ಲಿರುವ ಅಲ್ ಉದೈದ್ ಸೇನಾ ನೆಲೆಯತ್ತ ಕ್ಷಿಪಣಿ ಹಾರಿಸಿತು. ಗಲ್ಫ್ ದೇಶಗಳ ವಾಯುಮಾರ್ಗ ಕೆಲವು ಗಂಟೆಗಳ ಕಾಲ ಮುಚ್ಚಿ, ವಿಮಾನಗಳು ಅರ್ಧದಾರಿಯಿಂದ ಹಿಂದಿರುಗಿದವು. ಗಲ್ಫಿನಲ್ಲಿ ದುಡಿಯುವವರಿರುವ ನಮ್ಮ ಕರಾವಳಿಯ ಮನೆಗಳಲ್ಲಿ ಆ ರಾತ್ರಿ ಫೋನುಗಳು ಬಿಡುವಿಲ್ಲದೆ ಗುಣುಗುಟ್ಟಿದವು. ಆ ಸುತ್ತಿನ ಯುದ್ಧ 12 ದಿನಗಳಲ್ಲಿ ನಿಂತಿತು. ಆದರೆ ಅದು ಎತ್ತಿದ ಪ್ರಶ್ನೆ ನಿಂತಿಲ್ಲ. ಬೇರೊಂದು ದೇಶದ ಅಣು ಯೋಜನೆಯ ಮೇಲೆ ಬಾಂಬು ಹಾಕಲು ಒಂದು ಸಂಸತ್ತು ಬೆಂಬಲ ಕೊಟ್ಟರೆ, ಅಥವಾ ಕೇಳದೆಯೇ ಸುಮ್ಮನಿದ್ದರೆ, ಅದರ ಅರ್ಥವೇನು?

ಈ ಪ್ರಶ್ನೆ ನಮ್ಮ ರಾಜ್ಯಕ್ಕೆ ದೂರದ್ದಲ್ಲ. ಸುರಪುರ, ಶಹಾಪುರ, ಯಾದಗಿರಿ ಸೀಮೆಯನ್ನು ಜನ ಸಗರನಾಡು ಎಂದು ಕರೆಯುತ್ತಾರೆ. ಅಲ್ಲಿ ಶಹಾಪುರ ತಾಲೂಕಿನ ಗೋಗಿ ಎಂಬ ಊರಿನ ನೆಲದಡಿಯಲ್ಲಿ ಯುರೇನಿಯಂ ಇದೆ. ಆದ್ದರಿಂದ ಗೋಗಿಯಿಂದಲೇ ವಿಷಯವನ್ನು ಆರಂಭಿಸೋಣ.

ಗೋಗಿಯ ನೆಲದಲ್ಲಿ ಏನಿದೆ?

ಗೋಗಿ ಹಳೆಯ ಊರು. ಬಿಜಾಪುರದ ಆದಿಲಶಾಹಿ ಮನೆತನದ ಮೊದಲ ಸುಲ್ತಾನರ ಸಮಾಧಿಗಳು ಇಲ್ಲಿನ ಚಂದಾ ಹುಸೇನಿ ದರ್ಗಾದ ಆವರಣದಲ್ಲಿವೆ. ಭೂವಿಜ್ಞಾನಿಗಳು ಈ ಊರನ್ನು ಗುರುತಿಸುವುದು ಮಾತ್ರ ಬೇರೆ ಕಾರಣಕ್ಕೆ. ಭೀಮಾ ಕಣಿವೆಯ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್ ಬಂಡೆ ಬಿರುಕು ಬಿಟ್ಟ ಸ್ಥಳದಲ್ಲಿ, ಕೇಂದ್ರ ಸರಕಾರದ ಅಣು ಖನಿಜ ನಿರ್ದೇಶನಾಲಯವು 1990ರ ದಶಕದ ಶೋಧನೆಯಲ್ಲಿ ಯುರೇನಿಯಂ ನಿಕ್ಷೇಪವನ್ನು ಗುರುತಿಸಿತು. ಪ್ರಮಾಣ ದೊಡ್ಡದಲ್ಲವಾದರೂ, ಝಾರ್ಖಂಡಿನ ಜಾದುಗುಡದಂತಹ ಗಣಿಗಳ ಅದಿರಿಗಿಂತ ಇಲ್ಲಿನ ಅದಿರಿನಲ್ಲಿ ಸತ್ವ ಹೆಚ್ಚು. ಭಾರತೀಯ ಯುರೇನಿಯಂ ನಿಗಮವು ಇಲ್ಲಿ ಪರಿಶೋಧನೆಗಾಗಿ ನೆಲವನ್ನು ಅಗೆದಾಗ ಊರಿನವರು ಕುಡಿಯುವ ನೀರು, ಹೊಲ, ದನಕರು, ಮಕ್ಕಳ ಆರೋಗ್ಯ ಇವುಗಳ ಬಗ್ಗೆ ಪ್ರಶ್ನೆ ಎತ್ತಿ ವಿರೋಧಿಸಿದರು.

ನೆಲದಿಂದ ತೆಗೆದ ಅದಿರು ಬಾಂಬಲ್ಲ, ಇಂಧನವೂ ಅಲ್ಲ. ಅದನ್ನು ಪುಡಿಮಾಡಿ, ರಾಸಾಯನಿಕಗಳಿಂದ ತೊಳೆದು, ಹಳದಿ ಪುಡಿಯಾಗಿ ಮಾಡುತ್ತಾರೆ. ಪ್ರಕೃತಿಯಲ್ಲಿ ಸಿಗುವ ಯುರೇನಿಯಂನಲ್ಲಿ ಸುಲಭವಾಗಿ ವಿದಳನವಾಗುವ 'ಯುರೇನಿಯಂ 235' ಇರುವುದು ಶೇಕಡಾ 0.7ರಷ್ಟು ಮಾತ್ರ. ನಮ್ಮ ಕಾರವಾರದ ಬಳಿಯ ಕೈಗಾದಲ್ಲಿರುವ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಇಂತಹ ಸಹಜ ಯುರೇನಿಯಂನಿಂದಲೇ ನಡೆಯುತ್ತವೆ, ಏಕೆಂದರೆ ಅವು ಭಾರಜಲವನ್ನು ಬಳಸುತ್ತವೆ. ಬೇರೆ ಬಹುಪಾಲು ದೇಶಗಳ ವಿದ್ಯುತ್ ಸ್ಥಾವರಗಳಿಗೆ ಆ 0.7ನ್ನು ಶೇಕಡಾ 3ರಿಂದ 5ಕ್ಕೆ ಏರಿಸಬೇಕು. ಬಾಂಬಿಗೆ ಸುಮಾರು ಶೇಕಡಾ 90 ಬೇಕು. ಈ ಏರಿಸುವ ಕೆಲಸಕ್ಕೆ ಯುರೇನಿಯಂನ ಸಂವರ್ಧನೆ ಎನ್ನುತ್ತಾರೆ. ಯುರೇನಿಯಂನ್ನು ಅನಿಲವಾಗಿಸಿ, ಅತಿ ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಎಂಬ ಕೊಳವೆಗಳ ಸಾಲಿನಲ್ಲಿ ಹಾಯಿಸಿದರೆ ಭಾರವಾದ ಅಂಶ ಅಂಚಿಗೂ ಹಗುರವಾದದ್ದು ನಡುವಿಗೂ ಸರಿಯುತ್ತದೆ. ಮೈಸೂರಿನ ಬಳಿಯ ರತ್ನಹಳ್ಳಿಯಲ್ಲಿ ಭಾರತದ ಇಂತಹ ಸ್ಥಾವರವಿದೆ.

ಜಗಳದ ಮೂಲ ಇರುವುದು ಇಲ್ಲಿಯೇ. ವಿದ್ಯುತ್ತಿಗೆ ಬೇಕಾದ ಶೇಕಡಾ 5ನ್ನು ತಲುಪುವಷ್ಟರಲ್ಲಿ, ಬಾಂಬಿನ ಮಟ್ಟಕ್ಕೆ ಬೇಕಾದ ಶ್ರಮದ ಬಹುಪಾಲು ಮುಗಿದಿರುತ್ತದೆ. ಯಂತ್ರ ಒಂದೇ, ವಿಧಾನ ಒಂದೇ; ಬೇರೆಯಾಗುವುದು ಉದ್ದೇಶ ಮಾತ್ರ. ಉದ್ದೇಶವನ್ನು ಹೊರಗಿನಿಂದ ಅಳೆಯುವುದು ಕಷ್ಟ. 2015ರ ಒಪ್ಪಂದದಲ್ಲಿ ಇರಾನ್ ಶೇಕಡಾ 3.67ರ ಮಿತಿಯನ್ನು ಒಪ್ಪಿ ತಪಾಸಣೆಗೆ ಬಾಗಿಲು ತೆರೆದಿತ್ತು. 2018ರ ಮೇ ತಿಂಗಳಲ್ಲಿ ಅಮೇರಿಕ ಆ ಒಪ್ಪಂದದಿಂದ ಹೊರನಡೆಯಿತು. ಬಳಿಕ ಇರಾನ್ ಹಂತ ಹಂತವಾಗಿ ಮಿತಿಯನ್ನು ಮೀರುತ್ತಾ, 2025ರ ದಾಳಿಯ ಹೊತ್ತಿಗೆ ಶೇಕಡಾ 60ರ ಮಟ್ಟದ ಯುರೇನಿಯಂನ್ನು 400 ಕಿಲೋಗಿಂತ ಹೆಚ್ಚು ಸಂಗ್ರಹಿಸಿತ್ತು. ಆತಂಕಕ್ಕೆ ಕಾರಣ ಇರಲಿಲ್ಲ ಎನ್ನುವಂತಿಲ್ಲ. ಆದರೆ ಆತಂಕಕ್ಕೆ ಉತ್ತರ ಬಾಂಬೇ ಎನ್ನುವುದು ಬೇರೆ ಮಾತು.

ಜನಪ್ರತಿನಿಧಿಗಳು ಕೈ ಎತ್ತಿದಾಗ

ಅಮೇರಿಕದ ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಅಧ್ಯಕ್ಷರದ್ದಲ್ಲ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನದ್ದು. ವಿಯೆಟ್ನಾಮ್ ಯುದ್ಧದ ಕಹಿ ಅನುಭವದ ನಂತರ 1973ರಲ್ಲಿ ಮಾಡಿದ ಕಾನೂನಿನಂತೆ, ಸೇನೆಯನ್ನು ಕದನಕ್ಕಿಳಿಸಿದ ಅಧ್ಯಕ್ಷರು 48 ಗಂಟೆಗಳೊಳಗೆ ಸಂಸತ್ತಿಗೆ ವರದಿ ಕೊಡಬೇಕು. ಒಪ್ಪಿಗೆ ಸಿಗದಿದ್ದರೆ 60 ದಿನಗಳಲ್ಲಿ ಕಾರ್ಯಾಚರಣೆ ನಿಲ್ಲಿಸಲು ತೊಡಗಬೇಕು. ಕಾಗದದ ಮೇಲೆ ಇದು ಗಟ್ಟಿ ಬೇಲಿ. ವ್ಯವಹಾರದಲ್ಲಿ ಹಾಗಲ್ಲ.

2002ರ ಅಕ್ಟೋಬರಿನಲ್ಲಿ ಇರಾಕಿನ ಮೇಲೆ ಬಲಪ್ರಯೋಗಕ್ಕೆ ಅಲ್ಲಿನ ಕೆಳಮನೆ 296-133, ಸೆನೆಟ್ 77-23 ಮತಗಳಿಂದ ಒಪ್ಪಿಗೆ ಕೊಟ್ಟಿತು. ಬ್ರಿಟನ್ನಿನ ಕೆಳಮನೆ 2003ರ ಮಾರ್ಚ್ 18ರಂದು 412-149ರಿಂದ ಒಪ್ಪಿತು. ಸದ್ದಾಂ ಹುಸೇನರ ಬಳಿ ಸಮೂಹ ನಾಶದ ಅಸ್ತ್ರಗಳಿವೆ, ಅಣು ಯೋಜನೆ ಮತ್ತೆ ಚಿಗುರಿದೆ ಎಂಬುದು ಮುಖ್ಯ ಕಾರಣವಾಗಿತ್ತು. ಯುದ್ಧ ಮುಗಿದ ಮೇಲೆ ಅಮೇರಿಕವೇ ಕಳುಹಿಸಿದ ಶೋಧಕರು ಹುಡುಕಿದರು. ಅಂತಹ ಅಸ್ತ್ರಗಳ ದಾಸ್ತಾನು ಇರಲಿಲ್ಲ. ಅಣು ಯೋಜನೆ 1991ರಲ್ಲೇ ನಿಂತುಹೋಗಿತ್ತು. ಹೆಚ್ಚಿನ ಸಂಸದರು ಕೆಟ್ಟ ಮನಸ್ಸಿನಿಂದ ಮತ ಹಾಕಿದರೆನ್ನಲಾಗದು. ತಮ್ಮ ಮುಂದಿಟ್ಟ ಸಾಕ್ಷ್ಯವನ್ನು ಅವರು ಸಾಕಷ್ಟು ಕೆದಕಲಿಲ್ಲ, ಅಷ್ಟೆ. ಅದರ ಬೆಲೆಯನ್ನು ಇರಾಕಿನ ಜನ ತೆತ್ತರು. ಅಲ್ಲಿನ ಪುರಾತನ ಕ್ರೈಸ್ತ ಸಮುದಾಯವೂ ಯುದ್ಧಾನಂತರದ ಅರಾಜಕತೆಯಲ್ಲಿ ಕರಗುತ್ತಾ ಬಂತು.

ಇರಾನಿನ ವಿಷಯದಲ್ಲಿ ಇನ್ನೊಂದು ಬಗೆಯ ಅನುಭವವಾಯಿತು. 2020ರಲ್ಲಿ, ಸಂಸತ್ತನ್ನು ಕೇಳದೆ ಇರಾನಿನ ವಿರುದ್ಧ ಸೇನೆ ಬಳಸಬಾರದೆಂಬ ನಿರ್ಣಯ ಸೆನೆಟ್ಟಿನಲ್ಲಿ 55-45ರಿಂದ ಅಂಗೀಕಾರವಾಯಿತು, ಕೆಳಮನೆಯೂ ಒಪ್ಪಿತು. ಅಧ್ಯಕ್ಷ ಟ್ರಂಪ್ ಅದನ್ನು ತಡೆಹಿಡಿದರು. ತಡೆಯನ್ನು ಮೀರಲು ಬೇಕಾದ ಮೂರನೇ ಎರಡು ಬಹುಮತ ಸಿಗಲಿಲ್ಲ. 2025ರ ಜೂನ್ ದಾಳಿಯ ನಂತರ ವರ್ಜೀನಿಯಾದ ಸೆನೆಟರ್, ಕಥೋಲಿಕರಾದ ಟಿಮ್ ಕೇನ್ ಇಂತಹದೇ ನಿರ್ಣಯ ತಂದರು. ಜೂನ್ 27ರಂದು ಅದು 47-53ರಿಂದ ಬಿದ್ದುಹೋಯಿತು. ಎರಡೂ ಪಕ್ಷಗಳಿಂದ ಒಬ್ಬೊಬ್ಬರು ಮಾತ್ರ ತಮ್ಮ ಪಕ್ಷದ ಸಾಲು ಮೀರಿ ಮತ ಹಾಕಿದರು. ಜನರ ಜೀವದ ಪ್ರಶ್ನೆಯಲ್ಲೂ ಮತಗಳು ಪಕ್ಷದ ಲೆಕ್ಕದಲ್ಲೇ ಬಿದ್ದವೆಂದರೆ, ಚರ್ಚೆಯಿಂದ ಮನಸ್ಸು ಬದಲಾಯಿಸಿದವರು ಎಷ್ಟು ಮಂದಿ ಎಂದು ಕೇಳಬೇಕಾಗುತ್ತದೆ.

ನಮ್ಮ ಸಂಸತ್ತಿಗೆ ಏನು ಅಧಿಕಾರ?

ನಮ್ಮ ಸಂವಿಧಾನದಲ್ಲಿ ಯುದ್ಧಕ್ಕೆ ಮುಂಚೆ ಸಂಸತ್ತಿನ ಮತ ಪಡೆಯಲೇಬೇಕೆಂಬ ನಿಯಮವಿಲ್ಲ. ಸೇನೆಯ ಪರಮಾಧಿಕಾರ ರಾಷ್ಟ್ರಪತಿಗಳದ್ದು; ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ. ಕೇಂದ್ರ ಪಟ್ಟಿಯಲ್ಲಿ 'ಯುದ್ಧ ಮತ್ತು ಶಾಂತಿ' 15ನೆಯ ವಿಷಯ. 'ಅಣುಶಕ್ತಿ ಮತ್ತು ಅದರ ಉತ್ಪಾದನೆಗೆ ಬೇಕಾದ ಖನಿಜಗಳು' 6ನೆಯ ವಿಷಯ. ಅಂದರೆ ಗೋಗಿಯ ಯುರೇನಿಯಂ ಬಗ್ಗೆ ಕಾನೂನು ಮಾಡುವ ಅಧಿಕಾರ ಬೆಂಗಳೂರಿನ ವಿಧಾನಸಭೆಗಿಲ್ಲ, ದಿಲ್ಲಿಯ ಸಂಸತ್ತಿಗಿದೆ. ಶಹಾಪುರದ ಮತದಾರ ತನ್ನ ಶಾಸಕರನ್ನು ಹಿಡಿದು ಕೇಳಬಹುದು. ಉತ್ತರ ಕೊಡಬೇಕಾದವರು ಮಾತ್ರ ಸಂಸದರು.

ಹಾಗೆಂದು ಸಂಸತ್ತಿನ ಮಾತಿಗೆ ಬೆಲೆಯಿಲ್ಲವೆಂದಲ್ಲ. 2003ರ ಏಪ್ರಿಲ್ 8ರಂದು, ವಾಜಪೇಯಿಯವರು ಪ್ರಧಾನಿಯಾಗಿದ್ದಾಗ, ಲೋಕಸಭೆಯು ಇರಾಕಿನ ಮೇಲಿನ ಯುದ್ಧವನ್ನು ಖಂಡಿಸುವ ನಿರ್ಣಯವನ್ನು ಎಲ್ಲಾ ಪಕ್ಷಗಳ ಒಪ್ಪಿಗೆಯಿಂದ ಅಂಗೀಕರಿಸಿತು. ಅದೇ ವರ್ಷ ಅಮೇರಿಕ ನಮ್ಮ ಸೈನಿಕರನ್ನು ಇರಾಕಿಗೆ ಕಳುಹಿಸಲು ಕೇಳಿದಾಗ, ಜುಲೈ ತಿಂಗಳಲ್ಲಿ ಸರಕಾರ ಒಪ್ಪಲಿಲ್ಲ. ಸಭೆ ಒಂದೇ ಧ್ವನಿಯಲ್ಲಿ ಮಾತನಾಡಿದ ಮೇಲೆ ಅದಕ್ಕೆ ವಿರುದ್ಧವಾಗಿ ನಡೆಯುವುದು ಸರಕಾರಕ್ಕೆ ಸುಲಭವಲ್ಲ.

ಭಾರತ ಮತ್ತು ಪಾಕಿಸ್ತಾನ ಈ ವಿಷಯದಲ್ಲಿ ಜಗತ್ತಿಗೆ ಒಂದು ದಾರಿ ತೋರಿಸಿವೆ ಎಂಬುದು ಹಲವರಿಗೆ ತಿಳಿದಿಲ್ಲ. 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ರಾಜೀವ್ ಗಾಂಧಿ ಮತ್ತು ಬೆನಜೀರ್ ಭುಟ್ಟೋ ಅವರ ಸಮ್ಮುಖದಲ್ಲಿ, ಒಬ್ಬರ ಅಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದೆಂಬ ಒಪ್ಪಂದವಾಯಿತು. ಅದು 1991ರಲ್ಲಿ ಜಾರಿಗೆ ಬಂತು. 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತಾ ಬಂದಿವೆ. ಕಾರ್ಗಿಲ್ ಯುದ್ಧದ ನಂತರವೂ, 2025ರ ಮೇ ತಿಂಗಳ ಸಂಘರ್ಷದ ನಂತರವೂ ಈ ಪದ್ಧತಿ ನಿಲ್ಲಲಿಲ್ಲ. ಸಂವರ್ಧನಾ ಸ್ಥಾವರಗಳೂ ಈ ಒಪ್ಪಂದದ ರಕ್ಷಣೆಯಲ್ಲಿವೆ. 1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆ ಅಣು ವಿದ್ಯುತ್ ಸ್ಥಾವರಗಳನ್ನು ಮಾತ್ರ ಹೆಸರಿಸುತ್ತದೆ. ಅದನ್ನೂ ಅಮೇರಿಕ, ಇಸ್ರೇಲ್, ಭಾರತ ಒಪ್ಪಿಲ್ಲ. ಬದ್ಧ ವೈರಿಗಳೆನಿಸಿದ ಇಬ್ಬರು ನೆರೆಯವರು ಮಾಡಿಕೊಂಡ ಈ ಸಣ್ಣ ಒಪ್ಪಂದ ಕೈಗಾದ ಸುತ್ತಲಿನ ಜನರಿಗೆ ದೊಡ್ಡ ಆಸರೆ.

ಬಾಂಬು ಬಿದ್ದರೆ ಏನಾಗುತ್ತದೆ?

ಸಂವರ್ಧನಾ ಸ್ಥಾವರಕ್ಕೆ ಬಾಂಬು ಬಿದ್ದರೆ ಚೆರ್ನೋಬಿಲ್‌ನಂತಹ ದುರಂತವಾಗುವುದಿಲ್ಲ. ಅಲ್ಲಿರುವ ಅನಿಲ ಗಾಳಿಯ ತೇವದೊಂದಿಗೆ ಸೇರಿ ವಿಷಕಾರಿ ಆಮ್ಲವಾಗುತ್ತದೆ. ಅಪಾಯ ಹೆಚ್ಚಾಗಿ ಹತ್ತಿರದವರಿಗೆ. ನಡೆಯುತ್ತಿರುವ ರಿಯಾಕ್ಟರಿಗೆ ಬಿದ್ದರೆ ಕಥೆಯೇ ಬೇರೆ. ಇರಾನಿನ ಬುಶೆಹರ್ ಸ್ಥಾವರ ಪರ್ಶಿಯನ್ ಕೊಲ್ಲಿಯ ದಡದಲ್ಲೇ ಇದೆ. ಕುವೈಟ್, ಬಹ್ರೇನ್, ಕತಾರ್ ದೇಶಗಳ ಜನ ಕುಡಿಯುವುದು ಅದೇ ಸಮುದ್ರದ ನೀರನ್ನು ಸಿಹಿಯಾಗಿಸಿ. ನಮ್ಮವರೂ ಅದನ್ನೇ ಕುಡಿಯುತ್ತಾರೆ.

ದಾಳಿಯಿಂದ ಉದ್ದೇಶವಾದರೂ ಈಡೇರುತ್ತದೆಯೇ? 1981ರ ಜೂನ್ 7ರಂದು ಇಸ್ರೇಲ್ ಇರಾಕಿನ ಒಸಿರಾಕ್ ರಿಯಾಕ್ಟರನ್ನು ಧ್ವಂಸಮಾಡಿತು. ಭದ್ರತಾ ಮಂಡಳಿ ಅಮೇರಿಕದ ಮತವೂ ಸೇರಿ ಒಮ್ಮತದಿಂದ ಅದನ್ನು ಖಂಡಿಸಿತು. ಇರಾಕ್ ಅಣುವನ್ನು ಬಿಡಲಿಲ್ಲ. ಗುಟ್ಟಾಗಿ ಬೇರೆ ದಾರಿ ಹಿಡಿಯಿತು. ಅದರ ವಿಸ್ತಾರ ಹೊರಬಂದದ್ದು 1991ರ ಯುದ್ಧದ ನಂತರ, ತಪಾಸಣೆಗಾರರು ಒಳಹೊಕ್ಕಾಗ. ಕಟ್ಟಡ ಬೀಳುತ್ತದೆ, ಕಲಿತ ವಿದ್ಯೆ ಉಳಿಯುತ್ತದೆ.

ಧರ್ಮಸಭೆಯ ಬೋಧನೆ

ಕಥೋಲಿಕ ಧರ್ಮೋಪದೇಶ ಗ್ರಂಥದ 2309ನೆಯ ಪರಿಚ್ಛೇದವು ಬಲಪ್ರಯೋಗಕ್ಕೆ ಕಠಿಣ ಷರತ್ತುಗಳನ್ನು ಹಾಕುತ್ತದೆ. ಆಕ್ರಮಣಕಾರನಿಂದ ಆಗುವ ಹಾನಿ ಗಂಭೀರವೂ ಶಾಶ್ವತವೂ ಖಚಿತವೂ ಆಗಿರಬೇಕು. ಬೇರೆಲ್ಲಾ ದಾರಿಗಳು ಮುಚ್ಚಿರಬೇಕು. ಯಶಸ್ಸಿನ ನಿಜವಾದ ಸಾಧ್ಯತೆಯಿರಬೇಕು. ಪರಿಹಾರವು ರೋಗಕ್ಕಿಂತ ಕೆಟ್ಟದಾಗಿರಬಾರದು. ಮುಂದೆಂದಾದರೂ ಅಪಾಯ ಬರಬಹುದೆಂಬ ಊಹೆಯ ಮೇಲೆ ಮಾಡುವ ಯುದ್ಧಕ್ಕೆ ಇಲ್ಲಿ ಜಾಗ ಕಾಣುವುದಿಲ್ಲ. 2003ರ ಮಾರ್ಚಿನಲ್ಲಿ ಪೋಪ್ ದ್ವಿತೀಯ ಜಾನ್ ಪೌಲರು ಕಾರ್ಡಿನಲ್ ಪಿಯೊ ಲಾಗಿಯವರನ್ನು ಅಧ್ಯಕ್ಷ ಬುಷ್ ಬಳಿಗೆ ಕಳುಹಿಸಿ ಯುದ್ಧ ಬೇಡವೆಂದು ಕೇಳಿಕೊಂಡದ್ದು ಈ ಬೋಧನೆಯ ಆಧಾರದಲ್ಲೇ. ಅದೇ ಬೋಧನೆ ಅಣ್ವಸ್ತ್ರ ಹೊಂದುವ ಆಸೆಯನ್ನೂ ಸಮರ್ಥಿಸುವುದಿಲ್ಲ. ಬಾಂಬು ಮಾಡುವವರಿಗೂ ಬಾಂಬು ಹಾಕುವವರಿಗೂ ಅಳತೆಗೋಲು ಒಂದೇ.

ನಾವು ಕೇಳಬೇಕಾದ ಪ್ರಶ್ನೆಗಳು

ದೂರದ ದಾಳಿಯಾಗಲಿ ಹತ್ತಿರದ ಗಣಿಯಾಗಲಿ, ಜನಪ್ರತಿನಿಧಿಗಳನ್ನು ಕೇಳಬೇಕಾದದ್ದು ಬಹುಮಟ್ಟಿಗೆ ಒಂದೇ. ಸಾಕ್ಷ್ಯ ಏನು? ಅದನ್ನು ಯಾರು ಪರೀಕ್ಷಿಸಿದರು? ಬೇರೆ ದಾರಿ ಇರಲಿಲ್ಲವೇ? ಪರಿಣಾಮ ಅನುಭವಿಸುವವರ ಮಾತನ್ನು ಕೇಳಿದಿರಾ? ಕೊನೆಯ ಪ್ರಶ್ನೆ ಗೋಗಿಗೆ ಈಗ ಬಹಳ ಮುಖ್ಯ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಣು ಖನಿಜಗಳ ಗಣಿ ಯೋಜನೆಗಳನ್ನು ಸಾರ್ವಜನಿಕ ಅಹವಾಲು ಸಭೆಯಿಂದ ಹೊರಗಿಟ್ಟಿತು. ದೇಶದ ಭದ್ರತೆ ಇದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಭದ್ರತೆ ಬೇಕು, ನಿಜ. ಆದರೆ ತನ್ನ ಬಾವಿಯ ನೀರಿನ ಬಗ್ಗೆ ಮಾತನಾಡಲು ರೈತನಿಗಿದ್ದ ಒಂದು ವೇದಿಕೆ ಹೋದ ಮೇಲೆ, ಅವನ ಪರವಾಗಿ ಮಾತನಾಡುವ ಹೊಣೆ ಸಂಸದರ ಮೇಲೆ ಇನ್ನಷ್ಟು ಬೀಳುತ್ತದೆ.

ನಮ್ಮ ವಾಳೆಯ ಸಭೆಗಳಲ್ಲಿ, ಯುವಜನರ ಕೂಟಗಳಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬಹುದು. ಸಂಸದರು ಚರ್ಚ್ ಹಬ್ಬಕ್ಕೆ ಬಂದಾಗ ಹಾರ ಹಾಕುವುದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬಹುದು. ಗಲ್ಫಿನಲ್ಲಿರುವ ನಮ್ಮ ಮಕ್ಕಳ ಸುರಕ್ಷತೆಗೂ, ಸಗರನಾಡಿನ ತಾಯಂದಿರು ಹೊತ್ತು ತರುವ ಕೊಡದ ನೀರಿಗೂ ಆ ಪ್ರಶ್ನೆಯ ಅಗತ್ಯವಿದೆ.