ರೈತನ ಪಾದಗಳ ಆರೈಕೆ: ಬಾಲ್ಯದಿಂದ ಮುಪ್ಪಿನವರೆಗೆ

ಬೇಸಾಯದ ಎತ್ತಿಗೆ ಲಾಳ ಕಟ್ಟಿಸುತ್ತೇವೆ. ಅದು ಕುಂಟಿದರೆ ಅಂದೇ ಗೊರಸನ್ನು ಎತ್ತಿ ನೋಡುತ್ತೇವೆ. ಆದರೆ ಎತ್ತಿನ ಹಿಂದೆ ದಿನವಿಡೀ ನಡೆಯುವ ನಮ್ಮ ಪಾದಗಳನ್ನು ವಾರಕ್ಕೊಮ್ಮೆಯಾದರೂ ತಿರುಗಿಸಿ ನೋಡಿಕೊಳ್ಳುವವರು ವಿರಳ. ಒಂದೊಂದು ಪಾದದಲ್ಲಿಯೂ 26 ಮೂಳೆಗಳಿದ್ದು, ಮೈಭಾರವನ್ನಲ್ಲದೆ ತಲೆಯ ಮೇಲಿನ ಹೊರೆಯನ್ನೂ ಅವೇ ಹೊರಬೇಕು. ಪಾದ ಕೆಟ್ಟರೆ ಉಳುಮೆ, ನಾಟಿ, ಕೊಯ್ಲು ಯಾವುದೂ ಸಾಗದು. ವಯಸ್ಸಿಗೆ ತಕ್ಕಂತೆ ಪಾದಗಳ ತೊಂದರೆಗಳು ಬೇರೆಯಾಗುವುದರಿಂದ ಆರೈಕೆಯೂ ಅದಕ್ಕೆ ತಕ್ಕಂತೆ ಇರಬೇಕು.

ಬಾಲ್ಯದಲ್ಲಿ

ಬಯಲಿನಲ್ಲಿ ಮಲವಿಸರ್ಜನೆ ಮಾಡುವ ಕಡೆ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಇವು ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕು, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಕೊನೆಗೆ ಕರುಳನ್ನು ಸೇರಿ ರಕ್ತ ಹೀರುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಸೊರಗುತ್ತದೆ. ಶೌಚಾಲಯದ ಬಳಕೆ ಮತ್ತು ಮಕ್ಕಳ ಕಾಲಿಗೆ ಚಪ್ಪಲಿ, ಇವೆರಡೂ ಇದಕ್ಕೆ ತಡೆ. ಅಂಗನವಾಡಿ ಮತ್ತು ಶಾಲೆಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬಾರದು. ಬೆಳೆಯುವ ಕಾಲಿಗೆ ಪಾದರಕ್ಷೆ ಕೊಳ್ಳುವಾಗ ಹೆಬ್ಬೆರಳಿನ ಮುಂದೆ ಕೈಬೆರಳಿನ ಅಗಲದಷ್ಟು ಜಾಗ ಬಿಟ್ಟಿರಬೇಕು.

ದುಡಿಯುವ ವಯಸ್ಸಿನಲ್ಲಿ

ಕೆಸರು: ನಾಟಿಯ ಕಾಲದಲ್ಲಿ ಗಂಟೆಗಟ್ಟಲೆ ನೀರಿನಲ್ಲಿ ನಿಂತ ಪಾದದ ಚರ್ಮ ಮೆತ್ತಗಾಗುತ್ತದೆ. ಆಗ ಬೆರಳ ಸಂದಿಗಳಲ್ಲಿ ಶಿಲೀಂಧ್ರ ಬೆಳೆದು ತುರಿಕೆ, ಬಿರುಕು, ಹುಣ್ಣು ಕಾಣಿಸಿಕೊಳ್ಳುತ್ತವೆ. ಗದ್ದೆಯಿಂದ ಬಂದೊಡನೆ ಶುದ್ಧ ನೀರು ಮತ್ತು ಸೋಪಿನಿಂದ ಕಾಲು ತೊಳೆದು, ಸಂದಿಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಸಂದಿಗಳಿಗೆ ಎಣ್ಣೆ ಹಚ್ಚಬಾರದು. ತುರಿಕೆ ನಿಲ್ಲದಿದ್ದರೆ ವೈದ್ಯರ ಸಲಹೆಯಂತೆ ಶಿಲೀಂಧ್ರನಾಶಕ ಮುಲಾಮು ಹಚ್ಚಬೇಕು.

ಇಲಿಜ್ವರ: ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣುಗಳು ಕಾಲಿನ ಗಾಯಗಳ ಮೂಲಕ ಒಳಸೇರುತ್ತವೆ. ಗಾಯವಿದ್ದಾಗ ಗದ್ದೆಗೆ ಇಳಿಯದಿರುವುದು ಒಳ್ಳೆಯದು. ಇಳಿಯಲೇಬೇಕಾದರೆ ಗಾಯವನ್ನು ನೀರು ತಾಗದಂತೆ ಮುಚ್ಚಿ, ಸಾಧ್ಯವಾದಲ್ಲಿ ಗಂಬೂಟು ಧರಿಸಬೇಕು. ಗದ್ದೆ ಕೆಲಸದ ನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಗದ್ದೆಯಲ್ಲಿ ದುಡಿದುದನ್ನೂ ತಿಳಿಸಬೇಕು.

ಹಿಮ್ಮಡಿ ಒಡೆತ: ಬೇಸಿಗೆಯಲ್ಲಿ ಮತ್ತು ಚಳಿಗಾಲದಲ್ಲಿ ಒಣಗಿದ ಹಿಮ್ಮಡಿ ಬಿರಿಯುತ್ತದೆ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಪಾದಗಳನ್ನು ಇಟ್ಟು, ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಿ, ತೇವ ಆರುವ ಮುನ್ನ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬೇಕು. ಒಡಕು ಹಾಗೂ ಆಣಿಗಳನ್ನು ಬ್ಲೇಡಿನಿಂದ ಕೊಯ್ಯಬಾರದು.

ಮುಳ್ಳು ಮತ್ತು ಗಾಯ: ಜಾಲಿ ಮುಳ್ಳು ಚುಚ್ಚಿದರೆ ಕುದಿಸಿದ ಸೂಜಿಯಿಂದ ತೆಗೆದು ಸೋಪುನೀರಿನಲ್ಲಿ ತೊಳೆಯಬೇಕು. ತುದಿ ಒಳಗೆ ಮುರಿದು ಉಳಿದರೆ ಆಸ್ಪತ್ರೆಯಲ್ಲಿಯೇ ತೆಗೆಸಬೇಕು. ಮಣ್ಣು, ಸಗಣಿ, ಸುಣ್ಣ ಯಾವುದನ್ನೂ ಗಾಯಕ್ಕೆ ಮೆತ್ತಬಾರದು. ಧನುರ್ವಾಯುವಿನ ರೋಗಾಣುಗಳು ಇರುವುದು ಮಣ್ಣು ಮತ್ತು ಸಗಣಿಯಲ್ಲಿಯೇ. ಹಿಂದೆ ಯಾವಾಗ ಚುಚ್ಚುಮದ್ದು ಹಾಕಿಸಿದ್ದು ಎಂಬುದನ್ನು ತಿಳಿಸಿ, ಮತ್ತೆ ಬೇಕೇ ಎಂದು ಅಂದೇ ಆಸ್ಪತ್ರೆಯಲ್ಲಿ ಕೇಳಬೇಕು.

ಸಿಂಪರಣೆ: ಕೀಟನಾಶಕ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಸಿಂಪಡಿಸುವಾಗ ಗಂಬೂಟು ಹಾಕಿ, ಪ್ಯಾಂಟನ್ನು ಅದರ ಹೊರಗೆ ಇಳಿಬಿಡಬೇಕು. ಒಳಗೆ ತುರುಕಿದರೆ ಔಷಧ ಹರಿದು ಬೂಟಿನೊಳಗೆ ನಿಲ್ಲುತ್ತದೆ.

ವಯಸ್ಸು ಕಳೆದಂತೆ

ನೋವು ಪಾದದ ಕಾವಲುಗಾರ. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿಯಲ್ಲಿಲ್ಲದಿದ್ದರೆ ಕಾಲಿನ ನರಗಳು ಕೆಟ್ಟು ಈ ಕಾವಲುಗಾರ ಇಲ್ಲವಾಗುತ್ತಾನೆ. ಆಗ ಮುಳ್ಳು ಚುಚ್ಚಿದರೂ ತಿಳಿಯದು. ಚಪ್ಪಲಿ ಜಾರಿ ಬಿದ್ದರೂ ಅರಿವಾಗದು. ಗಾಯ ಕೊಳೆತು, ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಬೀಡಿ, ಸಿಗರೇಟು ಸೇದುವುದರಿಂದ ಕಾಲಿನ ರಕ್ತನಾಳಗಳೂ ಕಿರಿದಾಗಿ ಗಾಯ ಮಾಯುವುದು ಇನ್ನಷ್ಟು ಕಷ್ಟ.

ಸ್ಪರ್ಶಜ್ಞಾನವಿಲ್ಲದ ಪಾದವನ್ನು ಉಳಿಸಿಕೊಳ್ಳಲು ಸಾಧ್ಯ. ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಪಾದಗಳು ಹಾಳಾಗುವುದಕ್ಕೆ ಮುಖ್ಯ ಕಾರಣ ನೋವು ತಿಳಿಯದೆ ಆಗುವ ಗಾಯಗಳೇ ಎಂದು ತೋರಿಸಿಕೊಟ್ಟರು. ಮೆತ್ತನೆಯ ರಬ್ಬರಿನ ಒಳ ಅಟ್ಟೆ, ಗಟ್ಟಿ ಹೊರ ಅಟ್ಟೆ ಇರುವ ಎಂ.ಸಿ.ಆರ್. ಚಪ್ಪಲಿಗಳು ಇಂತಹ ಪಾದಗಳಿಗೆ ಬಳಕೆಗೆ ಬಂದವು. ಇಂದು ಸಕ್ಕರೆ ಕಾಯಿಲೆಯವರಿಗೂ ಇವನ್ನು ಸೂಚಿಸುತ್ತಾರೆ. ಹಿಮ್ಮಡಿಗೆ ಪಟ್ಟಿ ಇರುವುದನ್ನೇ ಆರಿಸಬೇಕು. ಪಾದ ಸಂಜೆಗೆ ಸ್ವಲ್ಪ ಊದಿಕೊಳ್ಳುವುದರಿಂದ ಚಪ್ಪಲಿಯನ್ನು ಸಂಜೆಯೇ ಕೊಳ್ಳುವುದು ಸೂಕ್ತ.

ಕಣದಲ್ಲಿ, ಗುಡಿಯಲ್ಲಿ ಚಪ್ಪಲಿ ಬಿಡುವುದು ನಮ್ಮ ಪದ್ಧತಿ. ಬಿಸಿಲಿಗೆ ಕಾದ ಕಲ್ಲುಹಾಸು ಜೋಮು ಹಿಡಿದ ಪಾದವನ್ನು ಅರಿವಿಲ್ಲದೆ ಸುಡುತ್ತದೆ. ಅಂತಹವರು ದಪ್ಪ ಕಾಲುಚೀಲ ಧರಿಸಬೇಕು, ಇಲ್ಲವೇ ಬೆಳಗಿನ ತಂಪಿನಲ್ಲಿ ಹೋಗಿಬರಬೇಕು.

ಪ್ರತಿ ಸಂಜೆ 5 ನಿಮಿಷ

1. ಕಾಲು ತೊಳೆದು, ಒರೆಸಿ, ಬೆಳಕಿನಲ್ಲಿ ಕುಳಿತು ಅಂಗಾಲು, ಹಿಮ್ಮಡಿ, ಬೆರಳ ಸಂದಿಗಳನ್ನು ನೋಡಿ. ಬಗ್ಗಲಾಗದವರು ಕನ್ನಡಿ ಹಿಡಿದು ನೋಡಲಿ, ಇಲ್ಲವೇ ಮನೆಯವರು ನೋಡಲಿ.
2. ಎರಡೂ ಪಾದಗಳನ್ನು ಕೈಯಿಂದ ಮುಟ್ಟಿ ನೋಡಿ. ಒಂದು ಕಡೆ ಹೆಚ್ಚು ಬಿಸಿ ಅಥವಾ ಊತವಿದ್ದರೆ ಒಳಗೆ ತೊಂದರೆಯಿದೆ ಎಂದು ತಿಳಿಯಿರಿ.
3. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಕೊರೆಯಬೇಡಿ.
4. ಬಿಸಿನೀರನ್ನು ಮೊಣಕೈಯಿಂದ ಪರೀಕ್ಷಿಸಿದ ಮೇಲೆ ಕಾಲಿಗೆ ಹಾಕಿ.
5. ಚಪ್ಪಲಿ, ಬೂಟುಗಳನ್ನು ಮೆಟ್ಟುವ ಮೊದಲು ಕೊಡವಿ ನೋಡಿ. ಕಲ್ಲು, ಮೊಳೆ, ಚೇಳು ಇರಬಹುದು.

ಸಕ್ಕರೆ ಕಾಯಿಲೆಯವರು ಪಾದದ ಚಿಕ್ಕ ಗುಳ್ಳೆಯನ್ನೂ ಕಡೆಗಣಿಸದೆ ಅಂದೇ ವೈದ್ಯರಿಗೆ ತೋರಿಸಬೇಕು. 30 ವರ್ಷ ದಾಟಿದ ಎಲ್ಲರೂ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆಯ ತಪಾಸಣೆ ಮಾಡಿಸಿಕೊಳ್ಳುವುದು ಅವಶ್ಯ. ಎಲೆಯ ಮೇಲಿನ ಮೊದಲ ಚುಕ್ಕೆಯನ್ನು ಕಂಡೊಡನೆ ರೋಗವನ್ನು ಹತೋಟಿಗೆ ತರುವ ರೈತ ಬಾಂಧವರು ತಮ್ಮ ಕಾಲಿನ ಮೊದಲ ಗಾಯಕ್ಕೂ ಅಷ್ಟೇ ಗಮನ ಕೊಟ್ಟರೆ, ಮುಪ್ಪಿನಲ್ಲಿಯೂ ತಮ್ಮ ಹೊಲವನ್ನು ತಾವೇ ಸುತ್ತಿ ಬರಬಹುದು.